ನಿದ್ದೆಗಣ್ಣಿ ಇದ್ದ ಇಳಿಜಾರು

ಮಾರ್ಚ್ ಕೊನೆಯ ಶನಿವಾರ, ಮಧ್ಯಾಹ್ನ

ಬಾಲಾ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಇದು ಅತ್ತಿಗೆಯದು ಎಂದು ನಿನಗೆ ಗೊತ್ತಾಗಿರುತ್ತದೆ. ಒಡೆಯದೆ ಕಪಾಟಿನ ಮೇಲೆ ಎಸೆದಿದ್ದರೂ ಬೇಸರವಿಲ್ಲ. ವಸಂತ ಮುಗಿಯುವುದರೊಳಗೆ ಯಾವತ್ತಾದರೂ ಒಡೆ, ಅಷ್ಟು ಸಾಕು. ಆಮೇಲೆ ಓದಿ ಪ್ರಯೋಜನವಿಲ್ಲ.

ಫೋನಿನಲ್ಲಿ ಹೇಳೋಣವೆಂದರೆ ನೀನು ಬಿಡುವುದಿಲ್ಲ. ನಾನು "ನಿಮ್ಮಣ್ಣ" ಎಂದು ಬಾಯಿ ತೆಗೆದರೆ ಸಾಕು, "ಅತ್ತಿಗೆ, ನೀವು ಚೆನ್ನಾಗಿದೀರಾ, ಅಷ್ಟು ಹೇಳಿ. ಆ ಮನುಷ್ಯನ ಸುದ್ದಿ ನನಗೆ ಬೇಡ," ಎನ್ನುತ್ತೀ. ಈ ಪತ್ರದಲ್ಲಿರುವುದು ಆ ಮನುಷ್ಯನ ಸುದ್ದಿಯೇ. ಯಾಕೆ ಬರೆಯುತ್ತಿದ್ದೇನೆಂದು ಮೊದಲೇ ಹೇಳಿಬಿಡುತ್ತೇನೆ. ನೀನು ಒಮ್ಮೆ ಬರಬೇಕು, ಬೇಗ ಬರಬೇಕು. ನಿನ್ನನ್ನು ನೋಡಿದರೆ ಗುರುತು ಹಿಡಿಯುವಷ್ಟು ನಿಮ್ಮಣ್ಣ ಇನ್ನೂ ಉಳಿದಿದ್ದಾರೆ. ಮುಂದಿನ ವಸಂತಕ್ಕೂ ಹೀಗೇ ಇರುತ್ತಾರೆಂದು ಡಾಕ್ಟರು ಹೇಳುತ್ತಿಲ್ಲ.

ಕಾಯಿಲೆ ಮರೆವಿನದು. ಈ ವಯಸ್ಸಿಗೇ ಬಂತಲ್ಲ ಎಂದು ಎಲ್ಲರೂ ನನಗೆ ಹೇಳುತ್ತಾರೆ, ನಾನೇ ಯಾವುದೋ ಕೌಂಟರಿನಲ್ಲಿ ನಿಂತು ಮುಂಚಿತವಾಗಿ ಕೇಳಿ ತಂದಿದ್ದೇನೆ ಎಂಬಂತೆ. ಶುರುವಾದದ್ದು ಕಚೇರಿಯಲ್ಲಿ. ನಕಾಶೆ ಬಿಡಿಸುವುದರಲ್ಲಿ ಅವರ ಕೈ ಎಂಥದೆಂದು ನಿನಗೆ ಗೊತ್ತು. ಬೆಟ್ಟದ ಏರಿಳಿತದ ಗೆರೆಗಳನ್ನು ಉಸಿರು ಹಿಡಿದು ಎಳೆಯುತ್ತಿದ್ದವರು. ಕಳೆದ ವರ್ಷ ಒಂದೇ ಹಳ್ಳವನ್ನು ಒಂದೇ ಹಾಳೆಯ ಎರಡು ಕಡೆ ಬರೆದಿಟ್ಟರು. ಮೇಲಿನವರು ನಕ್ಕು ಸುಮ್ಮನಾದರು. ಮೂರನೆಯ ಸಲ ನಗಲಿಲ್ಲ. ಈಗ ಮನೆಯಲ್ಲಿದ್ದಾರೆ. ಬಚ್ಚಲಮನೆ ಬಾಗಿಲಿಗೆ ಬಕೆಟ್ಟಿನ ಚಿತ್ರ ಬರೆದು ಅಂಟಿಸಿದ್ದೇನೆ. ಅದನ್ನು ನೋಡಿ, "ಹಿಡಿಕೆ ಸೊಟ್ಟಗಿದೆ," ಎಂದು ಪೆನ್ಸಿಲ್ ತಂದು ತಿದ್ದಿದರು. ತಿದ್ದಿದ ಮೇಲೆ ಅಡುಗೆಮನೆಗೆ ಹೋಗಿ ಬಚ್ಚಲು ಹುಡುಕಿದರು.

ಡಾಕ್ಟರು ಪರೀಕ್ಷೆಗೆಂದು, "ಇದು ಯಾವ ತಿಂಗಳು ಹೇಳಿ ನೋಡೋಣ," ಅಂದರು. ನಿಮ್ಮಣ್ಣ ಏನು ಹೇಳಿರಬಹುದು? "ಆ ಕಿಟಕಿ ತೆಗೀರಿ. ಹೊರಗೆ ಏನು ಅರಳಿದೆ ನೋಡಿ ಹೇಳ್ತೀನಿ." ಡಾಕ್ಟರು ಕಿಟಕಿ ತೆಗೆದರು, ಪಾಪ. ಆಚೆ ಇದ್ದದ್ದು ಕಾರು ನಿಲ್ಲಿಸುವ ಜಾಗ. ನಿಮ್ಮಣ್ಣ ಕಟ್ಟೆಯ ಬಿರುಕಿನಲ್ಲಿ ಅರಳಿದ್ದ ಕಳೆಹೂವನ್ನು ಬಹಳ ಹೊತ್ತು ನೋಡಿ, "ಫೆಬ್ರವರಿ. ಎರಡನೇ ವಾರ ಇರಬೇಕು," ಎಂದರು. ಸರಿಯಾಗಿತ್ತು. ಡಾಕ್ಟರು ನನ್ನ ಕಡೆ ನೋಡಿದ ನೋಟ ಕಂಡು ನಾನು ಒಂದು ಕ್ಷಣ ಆಸೆಪಟ್ಟೆ. ಆಮೇಲೆ ಡಾಕ್ಟರು, "ಇವರು ಯಾರು?" ಎಂದು ನನ್ನನ್ನು ತೋರಿಸಿ ಕೇಳಿದರು. "ನಮ್ಮನೆಯವರು," ಎಂದರು ನಿಮ್ಮಣ್ಣ. ಹೆಸರು ಕೇಳಿದ್ದಕ್ಕೆ, "ಅದನ್ನೂ ಬರ್ಕೋತೀರಾ?" ಎಂದು ತಮಾಷೆ ಮಾಡಿ ಜಾರಿಕೊಂಡರು. ಜಾರಿಕೊಂಡದ್ದು ಯಾಕೆಂದು ನನಗೆ ಗೊತ್ತಾಯಿತು.

ಚಳಿ ಮುಗಿದ ಮೊದಲ ಬಿಸಿಲಿಗೇ ಅವರು ಬೂಟು ಹಾಕಿ ಬಾಗಿಲಲ್ಲಿ ನಿಲ್ಲಲು ಶುರು ಮಾಡಿದರು. "ಬಂದಿರ್ತಾವೆ. ನಡಿ." ಮದುವೆಯಾದ ಲಾಗಾಯ್ತಿನಿಂದ ನಮ್ಮ ವಸಂತದ ಭಾನುವಾರಗಳು ಹೀಗೇ ಕಳೆದಿವೆಯಲ್ಲ. ಯಾರೂ ನೆಡದ, ಯಾರೂ ನೀರು ಹಾಕದ ಹೂಗಳನ್ನು ಅವು ಹುಟ್ಟಿದ ಕಡೆಗೇ ಹೋಗಿ ನೋಡಿ ಬರುವುದು. ಈ ಸಲ ದಾರಿ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಅಷ್ಟು ವರ್ಷ ಅವರ ಪಕ್ಕದಲ್ಲಿ ನಡೆದವಳಿಗೆ ಒಂದು ದಾರಿಯೂ ನೆಟ್ಟಗೆ ಗೊತ್ತಿಲ್ಲ ನೋಡು. ಮಾತಾಡಿಕೊಂಡು ನಡೆದಿದ್ದೆ, ಅಷ್ಟೆ.

ಮೊದಲು ರೈಲು ಹಳಿಯ ದಿಬ್ಬಕ್ಕೆ ಹೋದೆವು. ಗೂಡ್ಸ್ ಗಾಡಿಗಳು ಮಾತ್ರ ಓಡಾಡುವ ಆ ಹಳೆಯ ಹಳಿ. ಜಲ್ಲಿಕಲ್ಲು ಮುಗಿಯುವಲ್ಲಿಂದ ನೇರಳೆ ಬಣ್ಣದ ಹೂ ಚಾಪೆ ಹಾಸಿದ ಹಾಗೆ ಇಳಿದಿತ್ತು. ಗಾಡಿ ಬಂದಾಗ ಇಡೀ ಚಾಪೆ ಒಂದು ಕಡೆಗೆ ಒರಗಿ, ಹೋದ ಮೇಲೆ ನಿಧಾನವಾಗಿ ಎದ್ದು ಕೂತಿತು. ನನಗೆ ಅಲ್ಲೇ ಸಾಯಂಕಾಲದವರೆಗೆ ಇರಬೇಕೆನ್ನಿಸಿತು. ನಿಮ್ಮಣ್ಣ ನೋಡಿ, "ಇವಲ್ಲ," ಎಂದರು.

ಮುಂದಿನ ವಾರ ಊರಾಚೆಯ ಹಳೆಯ ಸ್ಮಶಾನ. ಅಲ್ಲಿ ಹಿಂದಿನ ಗೋಡೆಯ ಮೂಲೆಗೆ ಹುಲ್ಲು ಕತ್ತರಿಸುವ ಯಂತ್ರ ಹೋಗುವುದಿಲ್ಲ. ಗೋರಿಕಲ್ಲುಗಳ ನಡುವೆ ಸಣ್ಣ ನೀಲಿ ಹೂ, ಉಗುರಿನಷ್ಟು ಸಣ್ಣದು, ಎಷ್ಟೆಂದರೆ ಕಾಲಿಡಲು ಜಾಗ ಹುಡುಕಬೇಕು. ಕಾವಲಿನವನು ಬಂದು ಗೋಡೆಗೆ ಒರಗಿದ. "ಈ ಮೂಲೇಲಿ ಮಲಗಿರೋರ ಮೊಮ್ಮಕ್ಕಳೂ ಹೋಗ್ಬಿಟ್ರು ಮೇಡಂ. ಕ್ಲೀನ್ ಮಾಡು ಅಂತ ನನಗೆ ಬಯ್ಯೋರು ಯಾರೂ ಇಲ್ಲ. ಅದಕ್ಕೇ ಇವಕ್ಕೆ ಆರಾಮ," ಎಂದ. ನಾನು ನಕ್ಕೆ. ಬಹಳ ದಿನಗಳ ಮೇಲೆ ನಕ್ಕದ್ದು. ನಿಮ್ಮಣ್ಣ ಮಾತ್ರ ಬಗ್ಗಿ ನೋಡಿ ಮತ್ತೆ, "ಇವಲ್ಲ. ತಲೆ ತಗ್ಗಿಸಿರೋವು," ಎಂದರು.

ಆಗ ಅರ್ಥವಾಯಿತು. ಅವರಿಗೆ ಬೇಕಾದದ್ದು ನಿದ್ದೆಗಣ್ಣಿ. ಬಿಳಿಯದು, ಕತ್ತು ಬಗ್ಗಿಸಿರುವುದು, ಎಷ್ಟು ಬಿಸಿಲು ಬಿದ್ದರೂ ಅರ್ಧ ಮಾತ್ರ ಬಿಚ್ಚಿಕೊಳ್ಳುವುದು. ಚಿಕ್ಕವರಿದ್ದಾಗ ನೀವಿಬ್ಬರು ಸೇರಿ ಅದಕ್ಕೆ ಇಟ್ಟ ಹೆಸರು. ಅದು ಎಲ್ಲಿ ಅರಳುತ್ತದೆಂದು ನನಗೆ ಗೊತ್ತಿಲ್ಲ. ನಿಮ್ಮಣ್ಣ ಎಲ್ಲ ಜಾಗಗಳನ್ನೂ ನನಗೆ ತೋರಿಸಿದರು, ಅದೊಂದನ್ನು ಬಿಟ್ಟು. ಮದುವೆಯ ಹೊಸದರಲ್ಲಿ ಕೇಳಿದ್ದೆ. "ಅದು ನಂದು, ನನ್ನ ಬಾಲದ್ದು," ಎಂದು ನಕ್ಕಿದ್ದರು. ಎಲ್ಲಿ ಹೋದರೂ ಅವರ ಹಿಂದೆಯೇ ಹೋಗುತ್ತಿದ್ದವಳೆಂದು ನಿನಗೆ ಆ ಹೆಸರು ಬಂತಂತೆ. ನಾನೂ ನಕ್ಕಿದ್ದೆ. ಆದರೆ ಹೊಟ್ಟೆಕಿಚ್ಚಾಗಿತ್ತು ಬಾಲಾ. ನೀನು ಮನೆಗೆ ಬಂದಾಗಲೆಲ್ಲ ನಿನಗೆ ಬಡಿಸುವ ಕೈ ಸ್ವಲ್ಪ ತಡೆಯುತ್ತಿತ್ತು. ನಿನಗೆ ಅದು ಕಂಡಿತ್ತೋ ಇಲ್ಲವೋ.

ಆಮೇಲೆ ನಿನ್ನ ಕ್ಯಾಲೆಂಡರ್ ಬಂತು. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ಬರೆಯದೆ ಮುಂದಿನದು ಹೇಳಲಾಗುವುದಿಲ್ಲ. ಮುದ್ರಣದವರಿಗೆ ಫೋಟೋ ತೆಗೆದುಕೊಡುವ ಕೆಲಸಕ್ಕೆ ನೀನು ಆಗಷ್ಟೇ ಸೇರಿದ್ದೆ. ಮಾರ್ಚ್ ಪುಟಕ್ಕೆ ನಿದ್ದೆಗಣ್ಣಿಯ ಫೋಟೋ ಕೊಟ್ಟೆ. ಜಾಗದ ಹೆಸರು ಎಲ್ಲೂ ಹಾಕಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಆದರೆ ಹೂವಿನ ಹಿಂದೆ, ಮಸುಕಾಗಿ, ನಡುವೆ ಸೀಳಿದ ಆ ದೊಡ್ಡ ಬಂಡೆ ಇತ್ತು. ಬೆಟ್ಟ ಹತ್ತುವವರಿಗೆ ಅಷ್ಟು ಸಾಕಾಯಿತು. ಮರುವರ್ಷ ಜನ ಬುಟ್ಟಿ, ಕೈಸಲಿಕೆ ಹಿಡಿದು ಬಂದರು. ಹೂ ನೋಡಲು ಬಂದವರಲ್ಲ, ಗಡ್ಡೆ ಕಿತ್ತು ತಮ್ಮ ತೋಟಕ್ಕೆ ಒಯ್ಯಲು ಬಂದವರು. ಅದನ್ನು ನೋಡಿದ ಸಂಜೆ ನಿಮ್ಮಣ್ಣ ಮನೆಗೆ ಬಂದು ಬಟ್ಟೆ ಕೂಡ ಬದಲಿಸದೆ ನಿನಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ. "ಒಂದೂ ಉಳಿದಿಲ್ಲ. ನಿನ್ನಿಂದ. ಇನ್ನು ನಿನ್ನ ಮುಖ ನನಗೆ ಬೇಡ." ಅಷ್ಟೇ ಹೇಳಿದ್ದು. ನೀನು ಆ ಕಡೆಯಿಂದ ಏನು ಹೇಳಿದೆಯೋ ಕೇಳಿಸಲಿಲ್ಲ. ಏನೂ ಹೇಳಲಿಲ್ಲವೆಂದು ಆಮೇಲೆ ನೀನೇ ನನಗೆ ಹೇಳಿದೆ. ಕ್ಯಾಮೆರಾ ಮಾರಿಬಿಟ್ಟೆಯೆಂದೂ ಹೇಳಿದೆ. ಎಂಟೊಂಬತ್ತು ವರ್ಷವಾಯಿತೇನೋ.

ಈಗ ಅವರಿಗೆ ಆ ಜಗಳ ನೆನಪಿಲ್ಲ. ಹಾಗೆಂದು ನಾನು ತಿಳಿದಿದ್ದೆ. ಬೆಳಿಗ್ಗೆ ಎದ್ದು, "ಬಾಲ ಬಂದ್ಲಾ?" ಎಂದು ಕೇಳುತ್ತಿದ್ದರು. ಇಲ್ಲವೆಂದರೆ, "ಬರ್ತಾಳೆ ಬಿಡು, ಅವಳಿಲ್ಲದೆ ಹೋಗೋಕಾಗಲ್ಲ," ಎಂದು ಬೂಟು ಬಿಚ್ಚಿ ಕೂರುತ್ತಿದ್ದರು.

ಹೋದ ಭಾನುವಾರ ನಾನೇ ಹಠ ಮಾಡಿ ಹೊರಡಿಸಿದೆ. ಸೀಳಿದ ಬಂಡೆ ಬೆಟ್ಟದ ಯಾವ ಮಗ್ಗುಲಿಗಿದೆಯೆಂದು ಬಸ್ಸಿನ ಕಂಡಕ್ಟರನ್ನು ವಿಚಾರಿಸಿದೆ. ಅವನು, "ಬೆಟ್ಟದಲ್ಲಿ ಬಂಡೆ ಯಾವುದು ಅಂತ ಕೇಳ್ತೀರಲ್ಲ ಅಮ್ಮಾ, ಕಾರ್ಖಾನೇಲಿ ಹೊಗೆ ಯಾವುದು ಅಂದಂಗಾಯ್ತು," ಎಂದು ಕೊನೆಯ ನಿಲ್ದಾಣದಲ್ಲಿ ಇಳಿಸಿ ಹೋದ. ಹಿಂದಿನ ದಿನ ಹನಿದಿತ್ತು. ಕಾಲುದಾರಿ ಜಾರುತ್ತಿತ್ತು, ಒಬ್ಬರ ಪಕ್ಕ ಒಬ್ಬರು ನಡೆಯುವಷ್ಟು ಅಗಲವಿರಲಿಲ್ಲ. ಅವರ ಮೊಣಕೈ ಬಿಟ್ಟು ಹಿಂದೆ ಉಳಿದೆ. ಬೀಳಬಾರದೆಂದು ಅವರ ಹೆಜ್ಜೆಯ ಗುರುತು ಬಿದ್ದಲ್ಲೇ ನನ್ನ ಕಾಲಿಡುತ್ತಾ ಹೋದೆ.

ಸ್ವಲ್ಪ ದೂರ ಹೋದ ಮೇಲೆ ಅವರು ತಿರುಗಿ ನೋಡದೆ, "ಬಾಲಾ, ಕಾಲೆತ್ತಿಡು. ಇಲ್ಲಿ ಬೇರಿದೆ," ಎಂದರು.

ಆ ದನಿ ನಾನು ಕೇಳಿದ್ದಲ್ಲ. ನನ್ನನ್ನು ಕಾಣುವ ಮೊದಲಿನ ದನಿ ಇರಬೇಕು. ಮತ್ತೆ, "ನನ್ನ ಹೆಜ್ಜೆ ಬಿಟ್ಟು ಆಚೆ ಕಾಲಿಟ್ಟರೆ ನೋಡು, ಗಡ್ಡೆ ಅಪ್ಪಚ್ಚಿ ಆದ್ರೆ ನಿನ್ನನ್ನೇ ಹೂತುಬಿಡ್ತೀನಿ," ಎಂದರು. ನೀವಿಬ್ಬರು ಆ ಗುಡ್ಡದಲ್ಲಿ ಹೇಗೆ ನಡೆಯುತ್ತಿದ್ದಿರೆಂದು ನನಗೆ ಆಗ ಗೊತ್ತಾಯಿತು. ಇಬ್ಬರು ಹೋದರೂ ಒಬ್ಬರದೇ ಹೆಜ್ಜೆ ನೆಲಕ್ಕೆ ಬೀಳಬೇಕು. ನಾನು ಯಾವತ್ತೂ ಪಕ್ಕದಲ್ಲಿ ನಡೆದವಳು. ನನ್ನನ್ನು ಅಲ್ಲಿಗೆ ಕರೆದೊಯ್ಯದಿದ್ದುದಕ್ಕೆ ಕಾರಣ ಇದೊಂದೇ ಇದ್ದಿರಬಹುದೆಂದು ಅನ್ನಿಸಿ, ಅಷ್ಟು ವರ್ಷದ ಹೊಟ್ಟೆಕಿಚ್ಚು ನಾಚಿಕೆಗೆ ತಿರುಗಿತು.

ನಾನು ಮಾತಾಡಲಿಲ್ಲ. "ರೀ, ನಾನು" ಎಂದಿದ್ದರೆ ಸಾಕಿತ್ತು, ಅವರು ನಿಂತುಬಿಡುತ್ತಿದ್ದರು, ದಾರಿ ಅಲ್ಲಿಗೇ ಮುಗಿಯುತ್ತಿತ್ತು. ಮನೆಯಲ್ಲಿ ಬಚ್ಚಲು ಹುಡುಕಲಾರದ ಮನುಷ್ಯ ಆ ಗುಡ್ಡದಲ್ಲಿ ಒಂದು ಕವಲಿನಲ್ಲೂ ತಡೆಯಲಿಲ್ಲ. ಮುಳ್ಳುಪೊದೆಯನ್ನು ಎಡಕ್ಕೆ ಬಳಸಿ, ಒರತೆಯ ನೀರು ದಾಟಿ, ಸೀಳಿದ ಬಂಡೆಯ ನಡುವೆ ಅಡ್ಡವಾಗಿ ತೂರಿ ಆಚೆ ಇಳಿದರು. ನಾನು ಹಿಂದೆಯೇ ತೂರಿದೆ.

ಅಲ್ಲಿ ನಿದ್ದೆಗಣ್ಣಿ ಇರಲಿಲ್ಲ. ಇಳಿಜಾರಿನ ತುಂಬ ಗುಳಿಗಳು, ಮುಖದ ಮೇಲಿನ ಹಳೆಯ ಕಲೆಗಳ ಹಾಗೆ ಹುಲ್ಲು ಮುಚ್ಚಿಕೊಂಡವು. ಗುಳಿಗಳಲ್ಲೆಲ್ಲ ಹಳದಿ ಹೂ. ಅಗೆದ ಮಣ್ಣು ಎಲ್ಲಿ ಸಿಕ್ಕರೂ ಮೊದಲು ಬಂದು ಸೇರಿಕೊಳ್ಳುತ್ತದಲ್ಲ, ರಸ್ತೆ ರಿಪೇರಿ ಮಾಡಿದ ಕಡೆ, ಹೊಸ ಮನೆಯ ಪಾಯದ ಹತ್ತಿರ, ಅದೇ ಹೂ. ಗಾಳಿಗೆ ಅಷ್ಟೂ ಒಟ್ಟಿಗೆ ತಲೆಯಾಡಿಸುತ್ತಿದ್ದವು. ನಿಜ ಹೇಳಲೇ, ಚೆನ್ನಾಗಿಯೇ ಇತ್ತು. ಅಲ್ಲಿ ಮೊದಲು ಏನಿತ್ತೆಂದು ತಿಳಿಯದವಳಿಗೆ ಚೆನ್ನಾಗಿತ್ತು.

ನಿಮ್ಮಣ್ಣ ಬಂಡೆಗೆ ಬೆನ್ನು ಕೊಟ್ಟು ಕುಳಿತರು. ನಾನು ಅವರ ಹಿಂದೆ, ಮೇಲಿನ ಚಪ್ಪಡಿಯ ಮೇಲೆ. ಬಹಳ ಹೊತ್ತಿನ ಮೇಲೆ, ಎದುರಿನ ಹಳದಿಯನ್ನು ನೋಡುತ್ತಲೇ, "ಬಾಲಾ, ಬೈತೀಯಾ?" ಎಂದರು.

ಮುಂದಿನದು ಅವರ ಬಾಯಿಂದ ಬಂದ ಹಾಗೆಯೇ ಬರೆಯುತ್ತೇನೆ. ಮುದ್ರಣಾಲಯದಲ್ಲಿ ದಿನವೂ ಬೇರೆಯವರ ವಾಕ್ಯ ತಿದ್ದುವವಳು ನಾನು. ಇದರಲ್ಲಿ ಒಂದಕ್ಷರ ತಿದ್ದಿಲ್ಲ.

"ನಿನ್ನ ಫೋಟೋ ನೋಡ್ಕೊಂಡು ಬಂದೋರು ಅಲ್ಲೊಂದು ಇಲ್ಲೊಂದು ಕಿತ್ತಿದ್ರು. ಒಂದು ಬುಟ್ಟಿ ಇರ್ಬೇಕು, ಜಾಸ್ತಿ ಇಲ್ಲ. ಉಳಿದಿದ್ದೆಲ್ಲ ನಾನೇ ಅಗೆದೆ ಕಣೇ. ಇನ್ಯಾರೋ ಬಂದು ಕೀಳೋಕ್ ಮುಂಚೆ ಉಳಿಸ್ಬಿಡೋಣ ಅಂತ. ಗೋಣಿಚೀಲದಲ್ಲಿ ಹೊತ್ಕೊಂಡು ಹೋಗಿ ಆಫೀಸಿನ ಹಿಂದೆ ನೆಟ್ಟೆ, ಹಳೇ ಸಾಮಾನು ಹಾಕ್ತಾರಲ್ಲ ಆ ಗೋಡೆ ಪಕ್ಕ. ಮಣ್ಣು ಬೇರೆ ಅಲ್ಲಿ. ಒಂದು ವರ್ಷ ಎಲೆ ಬಂತು. ಆಮೇಲೆ ಅದೂ ಇಲ್ಲ. ಕೊಳೆತು ಹೋದ್ವು."

ಪಕ್ಕದ ಗುಳಿಯ ಹುಲ್ಲನ್ನು ಕೈಯಿಂದ ಸವರಿದರು.

"ಬೇರೆಯವರಾಗಿದ್ರೆ ನಾಲ್ಕು ಉಳಿಸ್ತಿದ್ರು. ನಾನು ಒಂದೂ ಬಿಡ್ಲಿಲ್ಲ. ಎಲ್ಲೆಲ್ಲಿದ್ವು ಅಂತ ನನಗೆ ಗೊತ್ತಿತ್ತಲ್ಲ. ನಿನ್ನ ಮೇಲೆ ಹಾಕ್ಬಿಟ್ಟೆ. ನೀನು ಹೂಂ ಅಂತ ಹೊತ್ಕೊಂಡೆ. ನೀನೊಂದು ಮಾತು ತಿರುಗಿ ಬೈದಿದ್ರೆ ಹೇಳ್ಬಿಡ್ತಿದ್ನೇನೋ."

ಆ ಸಂಜೆ ಅವರು ನಿನಗೆ ಫೋನ್ ಮಾಡುವಾಗ ಮೊಣಕೈವರೆಗೂ ಮಣ್ಣಿತ್ತು. ನಾನು ಕಂಡಿದ್ದೆ. ಕಿತ್ತುಹೋದ ಜಾಗವನ್ನು ಕೈಯಲ್ಲೇ ಮುಚ್ಚಿ ಬಂದಿದ್ದಾರೆ, ಪಾಪ, ಎಂದುಕೊಂಡು ನೀರು ಕಾಯಿಸಿಕೊಟ್ಟಿದ್ದೆ. ನೀನು ಇಷ್ಟು ವರ್ಷ ಹೊತ್ತದ್ದು ಒಂದು ಬುಟ್ಟಿಯ ತಪ್ಪನ್ನಲ್ಲ, ಇಡೀ ಇಳಿಜಾರಿನದು. ಅದನ್ನು ನಿನ್ನ ತಲೆಯ ಮೇಲಿಂದ ಇಳಿಸುವುದು ಈ ಪತ್ರದ ಮೊದಲ ಕೆಲಸ. ನೀನು ಬರಲಿ ಬಿಡಲಿ, ಅಷ್ಟು ನಿನಗೆ ತಲುಪಬೇಕು.

ಅವರು ಕೇಳಿದ್ದಕ್ಕೆ ನಾನು ಏನೂ ಉತ್ತರ ಕೊಡಲಿಲ್ಲ. ಅದು ನಾನು ಆಡಬೇಕಾದ ಮಾತಾಗಿರಲಿಲ್ಲ. ಸುಮ್ಮನೆ ಕುಳಿತಿದ್ದೆ.

ವಾಪಸು ಬರುವಾಗ ಬಸ್ಸಿನ ರಸ್ತೆಯ ಹತ್ತಿರ ದಾರಿ ಅಗಲವಾಯಿತು. ನಾನು ಪಕ್ಕಕ್ಕೆ ಬಂದೆ. ಅವರು ಬೆಚ್ಚಿ, "ನೀನ್ಯಾವಾಗ ಬಂದೆ? ಅವಳೆಲ್ಲಿ?" ಎಂದರು. ತಕ್ಷಣ ಏನೂ ಹೊಳೆಯದೆ, "ಮುಂದೆ ಹೋದಳು," ಎಂದೆ. "ಬಾಲ ಯಾವತ್ತಾದ್ರೂ ಮುಂದೆ ಹೋಗುತ್ತಾ? ಸುಳ್ಳು ಹೇಳೋಕೂ ಬರಲ್ಲ ನಿನಗೆ," ಎಂದು ನಕ್ಕರು. ಆಮೇಲೆ ಬಸ್ಸು ಬರುವವರೆಗೂ ಮತ್ತೆ ಮತ್ತೆ ಹಿಂದೆ ತಿರುಗಿ ನೋಡುತ್ತಿದ್ದರು.

ಕ್ಷಮಿಸು ಎಂದು ಅವರ ಪರವಾಗಿ ನಾನು ಕೇಳುವುದಿಲ್ಲ. ನಿನಗೆ ಸಿಟ್ಟು ಬಂದರೆ, ಬಂದೇ ಬರುತ್ತದೆ, ಆ ಸಿಟ್ಟನ್ನೂ ಹೊತ್ತುಕೊಂಡೇ ಬಾ. ಎದುರಿಗೆ ನಿಂತು ಬೈ. ಬೈಸಿಕೊಳ್ಳಲು ಅವರು ಕಾಯುತ್ತಿದ್ದಾರೆ, ಮತ್ತು ತಾವು ಕಾಯುತ್ತಿರುವುದು ಅವರಿಗೆ ಬಹಳ ದಿನ ನೆನಪಿರುವುದಿಲ್ಲ. ಸಂಜೆ ಹೊತ್ತು ಮೊದಲಿನ ಹಾಗೆ ಅವರಿಗೆ ಕವಿತೆ ಓದಿ ಹೇಳುತ್ತೇನೆ. ಈಗ ತೀರ ಚಿಕ್ಕವನ್ನೇ ಆರಿಸುತ್ತೇನೆ. ನಾಲ್ಕು ಸಾಲಿನದಾದರೂ, ಕೊನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲನೆಯದು ಅವರ ಕೈಬಿಟ್ಟಿರುತ್ತದೆ. "ಚೆನ್ನಾಗಿದೆ," ಎನ್ನುತ್ತಾರೆ, ನನ್ನ ಮನಸ್ಸು ನೋಯಬಾರದೆಂದು.

ಹಳಿಯ ದಿಬ್ಬದ ನೇರಳೆ ಇನ್ನೊಂದೆರಡು ವಾರ ಇರಬಹುದು. ಸ್ಮಶಾನದ ನೀಲಿ ಆಗಲೇ ಬಾಡುತ್ತಿದೆ. ಇಳಿಜಾರಿಗೆ ಹೋಗುವುದಾದರೆ ಜಾರದ ಬೂಟು ತಾ. ಅಲ್ಲಿ ನೋಡಲು ಹಳದಿಯದು ಬಿಟ್ಟು ಏನಿಲ್ಲ. ಆದರೂ ಅವರ ಹಿಂದೆ ನೀನು ನಡೆದು ಹೋಗಿ ಬರುವವರೆಗೆ ನಾನು ಬಸ್ ನಿಲ್ದಾಣದಲ್ಲಿ ಕೂತು ಕಾಯಬಲ್ಲೆ. ಜೊತೆಗೆ ಬರುತ್ತೇನೆಂದು ಹಠ ಮಾಡುವುದಿಲ್ಲ.

ನಿನ್ನ ದಾರಿ ನೋಡುತ್ತಿರುವ,
ಅತ್ತಿಗೆ

ಮತ್ತೆ: ಲಕೋಟೆ ಅಂಟಿಸುವ ಮೊದಲು ಪೂರ್ತಿ ಓದಿದೆ. ಒಂದು ಕಡೆ ಸುಳ್ಳು ಬರೆದಿದ್ದೇನೆ. ಬಂಡೆಯ ಹತ್ತಿರ ನಾನು ಸುಮ್ಮನೆ ಕುಳಿತಿರಲಿಲ್ಲ. "ಹೋಗ್ಲಿ ಬಿಡೋ ಅಣ್ಣ," ಎಂದೆ. ಮದುವೆಯಾದಾಗಿನಿಂದ ಅವರನ್ನು ಏಕವಚನದಲ್ಲಿ ಕರೆದವಳಲ್ಲ ನಾನು. ಅವರ ಭುಜ ಇಳಿದು ಹಗುರಾದದ್ದು ಹಿಂದಿನಿಂದ ನನಗೆ ಕಂಡಿತು. ನಿನ್ನ ಕ್ಷಮೆಯನ್ನು ನಿನ್ನನ್ನು ಕೇಳದೆ ನಾನೇ ಕೊಟ್ಟುಬಿಟ್ಟೆ. ಆದರೆ ಮಾರನೆಯ ಬೆಳಿಗ್ಗೆ ಅವರಿಗೆ ತಪ್ಪು ನೆನಪಿತ್ತು, ಕ್ಷಮೆ ನೆನಪಿರಲಿಲ್ಲ. ಅಡುಗೆಮನೆಗೆ ಬಂದು ನನ್ನ ಬೆನ್ನ ಹಿಂದೆ ನಿಂತು, "ಬಾಲಾ, ಬೈತೀಯಾ?" ಎಂದರು. ಅಂದಿನಿಂದ ದಿನವೂ ಕೇಳುತ್ತಾರೆ, ದಿನವೂ ನಾನು ಬಿಡೋ ಎನ್ನುತ್ತೇನೆ. ಈಗ ಎದುರಿಗೆ ನಿಂತರೂ, ಮುಖ ನೋಡಿಯೂ, ನನ್ನನ್ನು ಬಾಲ ಎಂದೇ ಕರೆಯುತ್ತಾರೆ. ನೀನು ಬಂದು ನಿನ್ನ ಜಾಗದಲ್ಲಿ ನಿಲ್ಲು. ಇಷ್ಟು ವರ್ಷ ನನಗೂ ಸುಳ್ಳು ಹೇಳಿದರಲ್ಲ, ಒಂದು ಸಲವಾದರೂ ನಾನು ಅವರ ಹೆಂಡತಿಯಾಗಿ ಅವರ ಮೇಲೆ ಸಿಟ್ಟಾಗಬೇಕು.